ಪೆಂಟಾಕ್ಸ್ ಕೆ1000 ರಿಪೇರಿ: ಕರಗಿದ ಫೋಮ್‌ನಿಂದ ಮೊದಲ ನೆಗೆಟಿವ್‌ವರೆಗೆ

ಕೈಗೆ ಬಂದಾಗ ಈ ಹಳೆಯ ಫಿಲ್ಮ್ ಕ್ಯಾಮೆರಾದ ಸ್ಥಿತಿ ಹೀಗಿತ್ತು. ಹಿಂಬಾಗಿಲು ತೆರೆದರೆ ಅಂಚಿನ ಫೋಮ್ ಬಿಸಿಲಿಗೆ ಕರಗಿದ ಡಾಂಬರಿನ ಹಾಗೆ ಬೆರಳಿಗೆ ಮೆತ್ತಿಕೊಳ್ಳುತ್ತಿತ್ತು. ಬೆಳಕು ಅಳೆಯುವ ಲೈಟ್ ಮೀಟರಿನ ಮುಳ್ಳು ಕದಲುತ್ತಿರಲಿಲ್ಲ. ಫಿಲ್ಮಿಗೆ ಬೆಳಕು ಬಿಡುವ ಬಾಗಿಲಾದ ಶಟರನ್ನು 1 ಸೆಕೆಂಡಿಗೆ ಇಟ್ಟು ಒತ್ತಿದರೆ ತೆರೆದುಕೊಂಡು, ಮುಚ್ಚಲೋ ಬೇಡವೋ ಎಂದು ಯೋಚಿಸುತ್ತಾ ನಿಲ್ಲುತ್ತಿತ್ತು. 50 ಎಂಎಂ ಲೆನ್ಸಿನ ಫೋಕಸ್ ರಿಂಗ್ ಬಿಗಿಯಾಗಿತ್ತು. ಒಳ್ಳೆಯ ಸುದ್ದಿಯೂ ಇತ್ತು. ಶಟರಿನ ಬಟ್ಟೆ ಹರಿದಿರಲಿಲ್ಲ, ಕನ್ನಡಿ ಒಡೆದಿರಲಿಲ್ಲ, ಲೆನ್ಸಿನೊಳಗೆ ಫಂಗಸ್ ಇರಲಿಲ್ಲ. ಇವು ಮೂರೂ ಸರಿ ಇದ್ದರೆ ಉಳಿದದ್ದನ್ನು ಮನೆಯ ಮೇಜಿನ ಮೇಲೇ ನೋಡಿಕೊಳ್ಳಬಹುದು.

ಕೆ1000 ಬಂದದ್ದು 1976ರಲ್ಲಿ. ತಯಾರಿಕೆ ನಿಂತದ್ದು 1997ರಲ್ಲಿ. ಎರಡು ದಶಕ ಹೆಚ್ಚುಕಡಿಮೆ ಒಂದೇ ಕ್ಯಾಮೆರಾ. ಆಟೋಫೋಕಸ್ ಇಲ್ಲ, ಆಟೋ ಎಕ್ಸ್‌ಪೋಶರ್ ಇಲ್ಲ, ಸೆಲ್ಫ್ ಟೈಮರ್ ಕೂಡ ಇಲ್ಲ. ಶಟರ್ ಪೂರ್ತಿ ಯಾಂತ್ರಿಕ, ಸ್ಪ್ರಿಂಗ್ ಮತ್ತು ಹಲ್ಲುಚಕ್ರಗಳದ್ದೇ ಕೆಲಸ. ಬ್ಯಾಟರಿ ಬೇಕಾಗುವುದು ಮೀಟರಿಗೆ ಮಾತ್ರ. ಇದಕ್ಕೆ ಒಂದು ವರ್ಷ ಮೊದಲು, 1975ರಲ್ಲಿ, ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದರು. 0.01 ಮೆಗಾಪಿಕ್ಸೆಲ್. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡ್ ಬೇಕಿತ್ತು. ಅದರ ವಂಶದ ಕ್ಯಾಮೆರಾಗಳು ಈಗ ಎಲ್ಲರ ಜೇಬಿನಲ್ಲಿವೆ. ಆದರೂ ಜನ ಕೆ1000 ಹುಡುಕಿಕೊಂಡು ಹೋಗುತ್ತಾರೆ. ಯಾಕೆ ಅನ್ನುವುದಕ್ಕೆ ನನ್ನ ಉತ್ತರ ಕೆಳಗಿನ ಕೆಲಸದಲ್ಲೇ ಇದೆ.

ಫೋಮ್ ಕೆರೆಯುವ ಕೆಲಸ

ಇಂಥ ಕ್ಯಾಮೆರಾಗಳಲ್ಲಿ ಹೊರಗಿನ ಬೆಳಕು ಫಿಲ್ಮಿಗೆ ತಾಗದಂತೆ ತಡೆಯುವುದು ಪಾಲಿಯುರೆಥೇನ್ ಫೋಮ್. ತೇವ ಮತ್ತು ವಯಸ್ಸು ಸೇರಿ ಅದನ್ನು ಕೆಡಿಸುತ್ತವೆ. ಕ್ಯಾಮೆರಾ ದಿನಾ ಬಳಸಿದರೂ ಅಷ್ಟೆ, ಡಬ್ಬದಲ್ಲಿ ಜೋಪಾನವಾಗಿ ಇಟ್ಟರೂ ಅಷ್ಟೆ. "ಬಳಸಿಯೇ ಇಲ್ಲ, ಹೊಸದರ ಹಾಗಿದೆ" ಅಂತ ಯಾರಾದರೂ ಹಳೆಯ ಕ್ಯಾಮೆರಾ ಕೊಟ್ಟರೆ ಮೊದಲು ಹಿಂಬಾಗಿಲು ತೆಗೆದು ನೋಡಿ.

ಫೋಮ್ ಇರುವ ಜಾಗಗಳು: ಬಾಗಿಲು ಕೂರುವ ಮೇಲಿನ ಮತ್ತು ಕೆಳಗಿನ ಉದ್ದ ಕಾಲುವೆಗಳು, ಬಾಗಿಲಿನ ಕೀಲಿನ ಬದಿ, ಮತ್ತೆ ಲೆನ್ಸಿನ ಹಿಂದಿರುವ ಕನ್ನಡಿ, ಶಟರ್ ಒತ್ತಿ ಮೇಲೆದ್ದಾಗ, ಹೋಗಿ ತಾಗುವ ಮೆತ್ತೆ. ಬೇಕಾದ ಸಾಮಾನು ಜಾಸ್ತಿ ಏನಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್, ಮರದ ಹಲ್ಲುಕಡ್ಡಿಗಳು, ಕಿವಿ ಸ್ವಚ್ಛ ಮಾಡುವ ಹತ್ತಿ ಕಡ್ಡಿಗಳು, ಚಿಮುಟ, ಗಾಳಿ ಊದುವ ರಬ್ಬರ್ ಬಲ್ಬ್, ಕತ್ತರಿಸಲು ಹೊಸ ಬ್ಲೇಡ್. ಲೋಹದ ಉಪಕರಣದಿಂದ ಕೆರೆಯಬೇಡಿ. ಕಪ್ಪು ಬಣ್ಣ ಕಿತ್ತು ಬಂದರೆ ಅಲ್ಲಿ ಬೆಳಕು ಪ್ರತಿಫಲಿಸುತ್ತದೆ.

ಮೊದಲು ಶಟರ್ ಪರದೆಯ ಮೇಲೆ ಒಂದು ಕಾಗದ ಮುಚ್ಚಿ, ಅದರ ಅಂಚುಗಳನ್ನು ಮಾತ್ರ ಹಗುರ ಅಂಟಿನ ಟೇಪಿನಿಂದ ಹಿಡಿಸಿದೆ. ಟೇಪ್ ಬಟ್ಟೆಗೆ ತಾಗಬಾರದು. ಕೆರೆದ ಕಪ್ಪು ಚೂರು ಪರದೆಯ ಮೇಲೆ ಬಿದ್ದರೆ ಅದು ಒಳಗಿನ ರೋಲರ್‌ಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಹಲ್ಲುಕಡ್ಡಿಯ ಮೊನೆಯನ್ನು ಚಪ್ಪಟೆ ಮಾಡಿ, ಒಣಗಿರುವಷ್ಟನ್ನು ಹಾಗೇ ಕೆರೆದು ತೆಗೆದೆ. ಆಲ್ಕೋಹಾಲ್ ಮೊದಲೇ ಹಚ್ಚಿದರೆ ಎಲ್ಲ ಕಲಸಿ ಮಸಿಯಾಗುತ್ತದೆ. ಒಣ ಕೆಲಸ ಮುಗಿದ ಮೇಲೆ ಹತ್ತಿ ಕಡ್ಡಿಯನ್ನು ತುಸುವೇ ಒದ್ದೆ ಮಾಡಿ ಉಜ್ಜಿದರೆ ಉಳಿದ ಅಂಟು ಬಿಡುತ್ತದೆ. ಹತ್ತಿ ಬೆಳ್ಳಗೆ ಬರುವವರೆಗೂ ಉಜ್ಜಬೇಕು. ತಾಳ್ಮೆ ಬೇಡುವ ಕೆಲಸ, ಜಾಣತನ ಏನೂ ಬೇಡ. ಹಿನ್ನೆಲೆಗೆ ರೇಡಿಯೋ ಹಾಕಿಕೊಳ್ಳಿ.

ಹೊಸ ಸೀಲಿಗೆ ಉದ್ದ ಕಾಲುವೆಗಳಲ್ಲಿ ಕಪ್ಪು ಉಣ್ಣೆ ನೂಲು ಕೂರಿಸಿದೆ. ಕೆಲವರು ಇಲ್ಲೂ ಫೋಮ್ ಬಳಸುತ್ತಾರೆ. ನೂಲಿನ ಲಾಭ ಏನೆಂದರೆ ಅದು ಮುಂದೆಂದೂ ಕರಗುವುದಿಲ್ಲ, ಬೇಡ ಅನ್ನಿಸಿದರೆ ಎಳೆದು ತೆಗೆಯಬಹುದು. ತೀರ ದಪ್ಪ ಇದ್ದರೆ ಬಾಗಿಲು ಮುಚ್ಚಲು ಒದ್ದಾಡಬೇಕು, ಅಷ್ಟೆ. ಕೀಲಿನ ಬದಿಗೆ 1.5 ಮಿಲಿಮೀಟರ್ ದಪ್ಪದ, ಹಿಂದೆ ಅಂಟಿರುವ ಫೋಮ್ ಪಟ್ಟಿ. ಅಂಟಿಸುವ ಮೊದಲು ಅಂಟಿನ ಬದಿಯನ್ನು ತುಸು ನೀರಿನಿಂದ ಒದ್ದೆ ಮಾಡಿದರೆ ಜಾಗಕ್ಕೆ ಸರಿಸಿ ಹೊಂದಿಸಲು ಸಮಯ ಸಿಗುತ್ತದೆ. ನೀರು ಆರಿದ ಮೇಲೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಕನ್ನಡಿಯ ಮೆತ್ತೆ ನಾಜೂಕಿನ ಕೆಲಸ. ಅದರ ಪಕ್ಕದಲ್ಲೇ, ನಾವು ಕಣ್ಣಿಟ್ಟು ನೋಡುವ ಚಿತ್ರ ಮೂಡುವ ಫೋಕಸಿಂಗ್ ಸ್ಕ್ರೀನ್ ಇದೆ. ಅದಕ್ಕೆ ಆಲ್ಕೋಹಾಲ್ ತಾಗಿಸಲೇಬೇಡಿ. ಕನ್ನಡಿಗೂ ನಮ್ಮ ಮನೆಯ ಕನ್ನಡಿಗೂ ವ್ಯತ್ಯಾಸ ಇದೆ. ಇಲ್ಲಿ ಲೇಪ ಗಾಜಿನ ಮುಂಭಾಗದಲ್ಲೇ ಇರುವುದರಿಂದ ಒರಟು ಬಟ್ಟೆಯಿಂದ ಒಮ್ಮೆ ಒರೆಸಿದರೂ ಗೀರು ಬೀಳುತ್ತದೆ. ಕ್ಯಾಮೆರಾವನ್ನು ತಲೆಕೆಳಗಾಗಿ ಹಿಡಿದು ಕೆರೆದೆ. ಹಾಗೆ ಹಿಡಿದರೆ ಸ್ಕ್ರೀನ್ ಕೆಳಗೆ ಬರುತ್ತದೆ, ಆದ್ದರಿಂದ ಅದರ ಮೇಲೆ ಕಾಗದದ ಚೂರು ಇಟ್ಟುಕೊಂಡಿದ್ದೆ. ಈ ಮೆತ್ತೆಯ ದಪ್ಪ ಬದಲಾದರೆ ಫೋಕಸ್ ಕೆಡುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಹಾಗೇನಿಲ್ಲ. ಕನ್ನಡಿ ಕೆಳಗೆ ನಿಂತಾಗಿನ ಕೋನ ಫೋಕಸನ್ನು ತೀರ್ಮಾನಿಸುತ್ತದೆ, ಮೆತ್ತೆ ಕೆಲಸಕ್ಕೆ ಬರುವುದು ಕನ್ನಡಿ ಮೇಲೆ ಹೋದಾಗ. ಆದರೆ ಮಿತಿಮೀರಿ ದಪ್ಪವಾದರೆ ಕನ್ನಡಿ ಪೂರ್ತಿ ಮೇಲೇಳದೆ ಚಿತ್ರದ ಒಂದು ಅಂಚನ್ನು ಕತ್ತರಿಸಬಹುದು.

ಮೀಟರ್

ಇದು ಬೇಗ ಮುಗಿಯಿತು. ಕೆಳಗಿನ ಬ್ಯಾಟರಿ ಮುಚ್ಚಳ ತೆಗೆದರೆ ಹಸಿರು ಕಿಲುಬು. ಹತ್ತಿ ಕಡ್ಡಿಯಲ್ಲಿ ಸ್ವಲ್ಪ ವಿನೆಗರ್, ನಂತರ ಆಲ್ಕೋಹಾಲ್, ಕೊನೆಗೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಎಲ್‌ಆರ್44 ಬ್ಯಾಟರಿ ಹಾಕಿದ ತಕ್ಷಣ ಕಣ್ಣಿಟ್ಟು ನೋಡುವ ಕಿಂಡಿಯ, ಅಂದರೆ ವ್ಯೂಫೈಂಡರಿನ, ಬಲಬದಿಯ ಮುಳ್ಳು ಎದ್ದಿತು. ಸಮವಾಗಿ ಬೆಳಕಿರುವ ಗೋಡೆಯನ್ನು ಡಿಜಿಟಲ್ ಕ್ಯಾಮೆರಾದಿಂದಲೂ ಅಳೆದು ಹೋಲಿಸಿದೆ. ಹಳೆಯ ಮೀಟರ್ ಸುಮಾರು ಮೂರನೇ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಜಾಸ್ತಿ ಬೆಳಕು ಇದೆ ಎನ್ನುತ್ತದೆ. ಹಾಗಾಗಿ ಐಎಸ್‌ಒ (ಫಿಲ್ಮ್ ಬೆಳಕನ್ನು ಗ್ರಹಿಸುವ ಶಕ್ತಿಯ ಅಂಕಿ) 400ರ ಫಿಲ್ಮಿಗೆ ಡಯಲ್ 320ರಲ್ಲಿ ಇಟ್ಟರಾಯಿತು.

ಕೆ1000 ಮೀಟರಿಗೆ ಆನ್-ಆಫ್ ಸ್ವಿಚ್ ಇಲ್ಲ. ಬೆಳಕು ಬಿದ್ದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತದೆ. ಲೆನ್ಸ್ ಮುಚ್ಚಳವೇ ಸ್ವಿಚ್.

ಶಟರ್ ಎಷ್ಟು ನಿಜ ಹೇಳುತ್ತಿದೆ?

ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಭಾಗ ಇದು. ವೇಗ ಅಳೆಯಲು ಒಂದು ಫೋಟೋಟ್ರಾನ್ಸಿಸ್ಟರ್ (ಬೆಳಕು ಬಿದ್ದಾಗ ಕರೆಂಟ್ ಹರಿಯಲು ಬಿಡುವ ಸಣ್ಣ ಬಿಡಿಭಾಗ) ತೆಗೆದುಕೊಂಡು ಹಳೆಯ ಆಡಿಯೋ ಕೇಬಲ್ಲಿಗೆ ಬೆಸುಗೆ ಹಾಕಿದೆ. ಕೇಬಲ್ಲಿನ ಇನ್ನೊಂದು ತುದಿ ಕಂಪ್ಯೂಟರಿನ ಮೈಕ್ ಜಾಕಿಗೆ. ಮೈಕಿಗೆಂದು ಜಾಕಿನಲ್ಲಿ ಬರುವ ಸಣ್ಣ ವೋಲ್ಟೇಜೇ ಇದಕ್ಕೆ ಸಾಕು, ಬೇರೆ ಬ್ಯಾಟರಿ ಬೇಡ. ಉಲ್ಟಾ ಜೋಡಿಸಿದರೆ ಕೆಲಸ ಮಾಡುವುದಿಲ್ಲ, ಕಾಲು ಅದಲುಬದಲು ಮಾಡಿದರೆ ಸರಿ. ಸೆನ್ಸರ್ ಮೇಲೆ ಕಪ್ಪು ಟೇಪ್ ಅಂಟಿಸಿ ಸೂಜಿಯಿಂದ ಒಂದು ತೂತು ಮಾಡಿದೆ. ವೇಗ ಜಾಸ್ತಿಯಾದಂತೆ ಪರದೆಗಳ ನಡುವಿನ ಸೀಳು ಕಿರಿದಾಗುತ್ತದೆ. ಸೆನ್ಸರ್ ಅಗಲವಾಗಿದ್ದರೆ ಅಳತೆ ಸುಳ್ಳು ಹೇಳುತ್ತದೆ.

ಲೆನ್ಸ್ ತೆಗೆದು ಮುಂದೆ ಟಾರ್ಚ್, ಹಿಂದೆ ಫಿಲ್ಮ್ ಕೂರುವ ಜಾಗದಲ್ಲಿ ಸೆನ್ಸರ್. ಮೇಜಿನ ದೀಪ ಬೇಡ. ಮನೆಯ ಕರೆಂಟಿನ ದೀಪ ಮಿನುಗುತ್ತದೆ, ಗೆರೆ ಗಲೀಜಾಗುತ್ತದೆ. ಶಬ್ದ ರೆಕಾರ್ಡ್ ಮಾಡುವ ಯಾವುದೇ ಸಾಫ್ಟ್‌ವೇರ್ ಸಾಕು. ನಾನು ಆಡಾಸಿಟಿ ಬಳಸಿದೆ. ಸೆಕೆಂಡಿಗೆ 44,100 ಸ್ಯಾಂಪಲ್ ಇರುವುದರಿಂದ 1/1000 ಸೆಕೆಂಡ್ ಎಂದರೆ 44 ಸ್ಯಾಂಪಲ್. ಮನೆಯ ಕೆಲಸಕ್ಕೆ ಅಷ್ಟು ನಿಖರತೆ ಧಾರಾಳ. ಒಂದು ವಿಷಯ ಗಮನಿಸಿ: ಮೈಕ್ ಜಾಕ್ ಸ್ಥಿರವಾದ ವೋಲ್ಟೇಜನ್ನು ದಾಟಿಸುವುದಿಲ್ಲ. ನಿಧಾನ ವೇಗಗಳಲ್ಲಿ ಉದ್ದ ಗುಡ್ಡ ಕಾಣುವ ಬದಲು ತೆರೆದಾಗ ಒಂದು ಮೊನೆ, ಮುಚ್ಚಿದಾಗ ಇನ್ನೊಂದು ಮೊನೆ ಕಾಣುತ್ತದೆ. ಎರಡರ ನಡುವಿನ ದೂರ ಅಳೆಯಬೇಕು.

ಸಿಕ್ಕಿದ ಅಂಕಿಗಳು: 1/60 ಎಂದು ಬರೆದಿರುವುದು ನಿಜದಲ್ಲಿ 1/57. 1/125ಕ್ಕೆ 1/115. 1/500ಕ್ಕೆ 1/410. 1/1000ಕ್ಕೆ 1/690, ಅಂದರೆ ಸುಮಾರು ಅರ್ಧ ಸ್ಟಾಪ್ ಜಾಸ್ತಿ ಬೆಳಕು. 1 ಸೆಕೆಂಡ್ ಮಾತ್ರ 1.6 ಸೆಕೆಂಡಿನಿಂದ ಹಿಡಿದು ಬಾಯಿಗೆ ಬಂದ ಹಾಗೆ.

ನಿಧಾನ ವೇಗಗಳನ್ನು ಹಿಡಿದಿಡುವುದು ಗಡಿಯಾರದಲ್ಲಿರುವಂಥ ಒಂದು ಸಣ್ಣ ಹಲ್ಲುಚಕ್ರಗಳ ಸರಣಿ. ಹಳೆಯ ಗ್ರೀಸ್ ಒಣಗಿ ಅಂಟಾದಾಗ ಅದು ಎಡವುತ್ತದೆ. ಬಿಚ್ಚುವ ಮೊದಲು ಸುಮ್ನೆ ಓಡಿಸಿ ನೋಡುವುದು ಒಳ್ಳೆಯದು. ಸಂಜೆ ಕೂತು 1 ಸೆಕೆಂಡ್, 1/2, 1/4ರಲ್ಲಿ ಮತ್ತೆ ಮತ್ತೆ ಶಟರ್ ಒತ್ತುತ್ತಾ ಹೋದೆ. ಮನೆಯವರಿಗೆ ಆ ಕಿರ್ ಸದ್ದು ಸಾಕಾಯಿತು. ಆದರೆ 1 ಸೆಕೆಂಡ್ 1.1ಕ್ಕೆ ಬಂದು ನಿಂತಿತು. ಪ್ರತಿ ಸಲವೂ ಅಷ್ಟೇ. ತಪ್ಪಿದರೂ ಒಂದೇ ರೀತಿ ತಪ್ಪಿದರೆ ಅಡ್ಡಿಯಿಲ್ಲ. ಶಟರಿಗೆ ಸ್ಪ್ರೇ ಎಣ್ಣೆ ಹೊಡೆಯಿರಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಎಣ್ಣೆ ಹರಿದಾಡಿ ಬಟ್ಟೆಗೂ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ತೂತು) ರೆಕ್ಕೆಗಳಿಗೂ ಹತ್ತುತ್ತದೆ.

1/1000ನ್ನು ಸರಿ ಮಾಡಲು ಹೋಗಲಿಲ್ಲ. ಅದಕ್ಕೆ ಕೆಳತಟ್ಟೆ ಬಿಚ್ಚಿ ಪರದೆಗಳ ಸ್ಪ್ರಿಂಗ್ ಬಿಗಿತ ಬದಲಿಸಬೇಕು. ಈ ಶಟರಿನಲ್ಲಿ ಎರಡು ಪರದೆ. ಒಂದು ತೆರೆಯುತ್ತಾ ಓಡುತ್ತದೆ, ಇನ್ನೊಂದು ಮುಚ್ಚುತ್ತಾ ಅದರ ಹಿಂದೆ ಓಡುತ್ತದೆ. ಎರಡೂ ಒಂದೇ ಓಟದಲ್ಲಿ ಹೋಗದಿದ್ದರೆ ಚಿತ್ರದ ಒಂದು ಬದಿ ಕಪ್ಪಾಗುತ್ತದೆ. ಎರಡು ಸೆನ್ಸರ್ ಇಟ್ಟು ಎರಡೂ ಪರದೆಯ ಓಟ ಅಳೆಯದೆ ಸ್ಪ್ರಿಂಗಿಗೆ ಕೈ ಹಾಕುವುದು ಕುರುಡು ಕೆಲಸ. ಅರ್ಧ ಸ್ಟಾಪಿಗಾಗಿ ಅಷ್ಟು ಯಾಕೆ? ಬಿಚ್ಚಲೇಬೇಕು ಅನ್ನುವವರಿಗೆ ಒಂದು ಮಾತು: ಜಪಾನಿನ ಹಳೆಯ ಕ್ಯಾಮೆರಾಗಳ ಸ್ಕ್ರೂಗಳು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯವು. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಜಾರಿ ತಲೆ ಸವೆಸಿಬಿಡುತ್ತದೆ.

ಲೆನ್ಸಿನದು ಇನ್ನೂ ಸಣ್ಣ ಕಥೆ. ಫೋಕಸ್ ರಿಂಗನ್ನು ಹಿಂದೆ ಮುಂದೆ ತಿರುಗಿಸುತ್ತಾ ಇದ್ದರೆ ಗ್ರೀಸ್ ಹರಡಿಕೊಂಡು ಸಾಕಷ್ಟು ಸಡಿಲವಾಯಿತು, ಬಿಚ್ಚಲಿಲ್ಲ. ಹಿಂಬದಿಯ ಫಿಲ್ಮ್ ಹಳಿಗಳ ಮೇಲೆ ಅರೆಪಾರದರ್ಶಕ ಟೇಪ್ ಎಳೆದು ಅಂಟಿಸಿ, ಶಟರನ್ನು ಬಿ ಯಲ್ಲಿ (ಗುಂಡಿ ಒತ್ತಿರುವಷ್ಟು ಹೊತ್ತೂ ತೆರೆದಿರುವ ಗುರುತು) ತೆರೆದಿಟ್ಟು, ದೂರದ ಕಟ್ಟಡವನ್ನು ಲೂಪಿನಿಂದ, ಅಂದರೆ ಭೂತಗನ್ನಡಿಯಿಂದ, ನೋಡಿದೆ. ರಿಂಗ್ ಅನಂತದ ಗುರುತಿಗೆ ಬಂದಾಗ ಟೇಪಿನ ಮೇಲೆ ತಲೆಕೆಳಗಾದ ಕಟ್ಟಡ ಚೂಪಾಗಿ ನಿಂತಿತು. ವ್ಯೂಫೈಂಡರಿನಲ್ಲೂ ಅದೇ. ಫೋಕಸ್ ಸರಿ ಇದೆ ಎಂದಾಯಿತು.

ಇಷ್ಟೆಲ್ಲ ಯಾಕೆ

ಫಿಲ್ಮ್ ಇಷ್ಟಪಡುವವರನ್ನು ಕೇಳಿದರೆ ಗ್ರೇನ್ (ಚಿತ್ರದ ಮರಳು ಮರಳಾದ ಚುಕ್ಕೆಗಳು), ಬಣ್ಣ, ಹಳೆಯ ಕಾಲದ ನೆನಪು ಅನ್ನುತ್ತಾರೆ. ಇರಬಹುದು. ಆದರೆ ಗ್ರೇನ್ ಮತ್ತು ಬಣ್ಣ ಫೋನಿನ ಆ್ಯಪಿನಲ್ಲೂ ಸಿಗುತ್ತವೆ, ಸಾಕಷ್ಟು ಚೆನ್ನಾಗಿಯೇ ಸಿಗುತ್ತವೆ. "36 ಫ್ರೇಮ್ ಮಾತ್ರ ಇರುವುದರಿಂದ ಯೋಚಿಸಿ ತೆಗೆಯುತ್ತೇವೆ" ಅನ್ನುವುದನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. 36 ಸಲ ಯೋಚಿಸದೆ ಒತ್ತಿದ ರೋಲ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ನನ್ನನ್ನು ಹಿಡಿದಿಡುವುದು ಬೇರೆ. ಈ ಕ್ಯಾಮೆರಾದಲ್ಲಿ ಏನು ಕೆಟ್ಟರೂ ಅದರ ಕಾರಣದವರೆಗೆ ಹೋಗಬಹುದು. ಬೆಳಕು ಒಂದು ತೂತಿನಿಂದ, ಇಷ್ಟು ಹೊತ್ತು, ಈ ಪಟ್ಟಿಯ ಮೇಲೆ ಬಿತ್ತು. ಅಷ್ಟೇ ವಿಷಯ. ಫೋನ್ ಒಂದು ಚಿತ್ರಕ್ಕಾಗಿ ಎಷ್ಟು ಫ್ರೇಮ್ ಸೇರಿಸಿತು, ಮುಖವನ್ನು ಎಷ್ಟು ನುಣುಪು ಮಾಡಿತು, ಆಕಾಶಕ್ಕೆ ಏನು ಬಳಿಯಿತು ಎಂದು ನಮಗೆ ಯಾರೂ ಹೇಳುವುದಿಲ್ಲ. ಚಿತ್ರ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಮಗುವಿನ ಹುಟ್ಟುಹಬ್ಬಕ್ಕೆ ನಾನೂ ಫೋನನ್ನೇ ತೆಗೆಯುತ್ತೇನೆ. ಆದರೆ ಹೇಗೆ ಚೆನ್ನಾಯಿತು ಎಂದು ಗೊತ್ತಾಗುವುದಿಲ್ಲ ಅಲ್ವಾ? ಇನ್ನೊಂದು ಸಂಗತಿ: ಫಿಲ್ಮ್ ಕ್ಯಾಮೆರಾದ ಸೆನ್ಸರ್ ಎಂದರೆ ಫಿಲ್ಮೇ. ಪ್ರತಿ ರೋಲಿಗೂ ಅದು ಹೊಸದಾಗುತ್ತದೆ. ಹಾಗಾಗಿ ಡಬ್ಬಿ ಎಷ್ಟು ಹಳೆಯದಾದರೂ ಬೆಳಕು ತಡೆದರೆ, ಸಮಯ ಪಾಲಿಸಿದರೆ ಸಾಕು.

ಮಾರುಕಟ್ಟೆಯೂ ಇದನ್ನು ಒಂದಿಷ್ಟು ಒಪ್ಪಿಕೊಂಡಿದೆ. 2009ರಲ್ಲಿ ಕೊಡಾಕ್‌ನ ಕೊಡಾಕ್ರೋಮ್ ಫಿಲ್ಮ್ ನಿಂತಿತು, 2012ರ ಜನವರಿಯಲ್ಲಿ ಕೊಡಾಕ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಫಿಲ್ಮ್ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು. ಆಮೇಲೆ 2018ರಲ್ಲಿ ಕೊಡಾಕ್‌ನ ಇನ್ನೊಂದು ಫಿಲ್ಮ್ ಎಕ್ಟಾಕ್ರೋಮ್ ಮರಳಿತು. 2022ರಲ್ಲಿ ಲೈಕಾ ಕಂಪನಿ ತನ್ನ ಹಳೆಯ ಫಿಲ್ಮ್ ಕ್ಯಾಮೆರಾ ಎಂ6 ಅನ್ನು ಮತ್ತೆ ಮಾಡಿತು. 2024ರಲ್ಲಿ ಪೆಂಟಾಕ್ಸ್ ಹೆಸರಿನಲ್ಲೇ ಪೆಂಟಾಕ್ಸ್ 17 ಬಂತು. ಅದರಲ್ಲಿ ಫಿಲ್ಮನ್ನು ಕೈಯಿಂದಲೇ ಲಿವರ್ ಎಳೆದು ಮುಂದಕ್ಕೆ ಓಡಿಸಬೇಕು. ಬೇಕೆಂದೇ ಹಾಗೆ ಇಟ್ಟಿದ್ದಾರೆ.

ಪರೀಕ್ಷೆಯ ರೋಲ್

ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಹಾಕಿದೆ, ಐಎಸ್‌ಒ 400. ಫಿಲ್ಮ್ ಸರಿಯಾಗಿ ಓಡುತ್ತಿದೆಯೇ ಎಂದು ತಿಳಿಯಲು ಲಿವರ್ ಎಳೆಯುವಾಗ ಎಡಗಡೆಯ ರಿವೈಂಡ್ ನಾಬ್ ತಿರುಗುತ್ತಿದೆಯೇ ನೋಡಬೇಕು. ತಿರುಗದಿದ್ದರೆ ಫಿಲ್ಮ್ ಸಿಕ್ಕಿಕೊಂಡೇ ಇಲ್ಲ.

ಅರ್ಧ ಫ್ರೇಮ್‌ಗಳನ್ನು ಮೀಟರ್ ನೋಡಿ ತೆಗೆದೆ, ಉಳಿದವನ್ನು ಸನ್ನಿ 16 ಲೆಕ್ಕದಲ್ಲಿ. ಒಳ್ಳೆಯ ಬಿಸಿಲಿದ್ದರೆ ಅಪರ್ಚರ್ ಎಫ್ 16, ಶಟರ್ ವೇಗ ಐಎಸ್‌ಒ ಅಂಕಿಗೆ ಹತ್ತಿರದ್ದು. 400ರ ಫಿಲ್ಮಿಗೆ 1/500. ನಡುನಡುವೆ ಲೆನ್ಸ್ ಮುಚ್ಚಳ ಹಾಕಿ ಕ್ಯಾಮೆರಾವನ್ನು ಬಿಸಿಲಿನಲ್ಲಿ ಎಲ್ಲ ಬದಿಗೂ ಹೊರಳಿಸಿ ಇಟ್ಟೆ, ಸೋರಿಕೆ ಇದ್ದರೆ ಗೊತ್ತಾಗಲಿ ಎಂದು. ಮುಚ್ಚಳ ಹಾಕದೆ ಲೆನ್ಸನ್ನು ಸೂರ್ಯನ ಕಡೆ ಮಾಡಿ ಇಡಬೇಡಿ.  ಕೊನೆಯ ಫ್ರೇಮ್‌ಗಳಲ್ಲಿ ಮೋಡವಿಲ್ಲದ ಆಕಾಶವನ್ನು 1/1000ರಲ್ಲಿ ತೆಗೆದೆ. ಪರದೆಗಳ ಓಟ ಸಮವಾಗಿದೆಯೇ ಎಂದು ಖಾಲಿ ಆಕಾಶವೇ ಹೇಳುತ್ತದೆ.

ರೋಲನ್ನು ಮನೆಯಲ್ಲೇ ತೊಳೆದೆ. ಚಿತ್ರ ಮೂಡಿಸುವ ದ್ರಾವಣ ಐಡಿ-11 ಡೆವಲಪರ್, ಒಂದಕ್ಕೆ ಒಂದು ನೀರು, 20 ಡಿಗ್ರಿ ಸೆಲ್ಸಿಯಸ್, 13 ನಿಮಿಷ. ಪ್ರತಿ ನಿಮಿಷದ ಮೊದಲ 10 ಸೆಕೆಂಡ್ ಟ್ಯಾಂಕನ್ನು ನಾಲ್ಕು ಸಲ ತಲೆಕೆಳಗು ಮಾಡಬೇಕು. ನೀರು 24 ಡಿಗ್ರಿ ಇದ್ದರೆ ಸಮಯ ಸುಮಾರು 9 ನಿಮಿಷಕ್ಕೆ ಇಳಿಯುತ್ತದೆ. ಆಮೇಲೆ ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಫಿಕ್ಸರ್, ತೊಳೆಯುವುದು. ನೀರು ಉಳಿಸಲು ಇಲ್ಫೋರ್ಡ್ ಹೇಳುವ ಕ್ರಮ ಚೆನ್ನಾಗಿದೆ: ಹೊಸ ನೀರು ತುಂಬಿ 5 ಸಲ ತಿರುಗಿಸಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ 20 ಸಲ. ಮುಗಿಯಿತು.

ಟ್ಯಾಂಕಿನೊಳಗೆ ಆಗುವುದು ಸೊಗಸಾದ ಸಂಗತಿ. ಬೆಳಕು ತಾಗಿದ ಸಿಲ್ವರ್ ಹ್ಯಾಲೈಡ್ ಹರಳಿನ ಮೇಲೆ ಬೆರಳೆಣಿಕೆಯಷ್ಟು ಬೆಳ್ಳಿ ಪರಮಾಣು ಹುಟ್ಟಿರುತ್ತವೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಡೆವಲಪರ್ ಅಂಥ ಹರಳನ್ನು ಹುಡುಕಿ ಇಡೀ ಹರಳನ್ನೇ ಬೆಳ್ಳಿ ಮಾಡುತ್ತದೆ. ಬೆಳಕು ತಾಗದ ಹರಳುಗಳನ್ನು ಫಿಕ್ಸರ್ ಕರಗಿಸಿ ಒಯ್ಯುತ್ತದೆ. ಫಿಕ್ಸರಾಗಿ ಬಳಸುವ ಹೈಪೋ ಹೀಗೆ ಬೆಳ್ಳಿಯ ಲವಣ ಕರಗಿಸುತ್ತದೆ ಎಂದು ವಿಜ್ಞಾನಿ ಜಾನ್ ಹರ್ಷೆಲ್ ಕಂಡುಕೊಂಡದ್ದು 1819ರಲ್ಲಿ, ಫೋಟೋಗ್ರಫಿಯನ್ನು ಜಗತ್ತಿಗೆ ಸಾರುವುದಕ್ಕೆ 20 ವರ್ಷ ಮೊದಲು. ಬಳಸಿದ ಫಿಕ್ಸರಿನಲ್ಲಿ ಆ ಬೆಳ್ಳಿ ಇರುತ್ತದೆ. ಅದನ್ನು ಸಿಂಕಿಗೆ ಚೆಲ್ಲಬಾರದು, ಕ್ಯಾನಿನಲ್ಲಿ ಕೂಡಿಟ್ಟು ಬೆಳ್ಳಿ ಬೇರ್ಪಡಿಸುವವರಿಗೋ ರಾಸಾಯನಿಕ ಕಸ ತೆಗೆದುಕೊಳ್ಳುವಲ್ಲಿಗೋ ಕೊಡಬೇಕು. ಫಿಲ್ಮಿನ ಬಗ್ಗೆ ಹಾಡಿ ಹೊಗಳುವವರು ಇದನ್ನು ಹೇಳುವುದು ಕಡಿಮೆ.

ನೆಗೆಟಿವ್ ಏನು ಹೇಳಿತು

ಎಕ್ಸ್‌ಪೋಶರ್ ಎಲ್ಲ ಕಡೆ ಸರಿ ಇತ್ತು. ಸನ್ನಿ 16ರ ಫ್ರೇಮ್‌ಗಳಿಗೂ ಮೀಟರಿನ ಫ್ರೇಮ್‌ಗಳಿಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಇರಲಿಲ್ಲ. 1/1000ರ ಆಕಾಶ ತುಸು ದಟ್ಟ, ಆದರೆ ಬದಿಯಿಂದ ಬದಿಗೆ ಸಮ. ಸ್ಪ್ರಿಂಗಿಗೆ ಕೈ ಹಾಕದೇ ಬಿಟ್ಟದ್ದಕ್ಕೆ ಇಷ್ಟು ಸಾಕು.

ಬಿಸಿಲಿನಲ್ಲಿ ಇಟ್ಟ ಕೆಲವು ಫ್ರೇಮ್‌ಗಳಲ್ಲಿ ಒಂದು ಪಟ್ಟೆ ಕಂಡಿತು. ನೆಗೆಟಿವ್‌ನಲ್ಲಿ ಕಪ್ಪು, ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಬಿಳಿ, ಎಡ ಅಂಚಿನಲ್ಲಿ. ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡುತ್ತದೆ, ಎಡ ಬಲವನ್ನೂ ಬದಲಿಸುತ್ತದೆ. ಹಾಗಾಗಿ ಚಿತ್ರದ ಎಡ ಅಂಚು ಎಂದರೆ, ಹಿಂದಿನಿಂದ ನೋಡಿದಾಗ, ಕ್ಯಾಮೆರಾದ ಬಲಬದಿ. ಅಲ್ಲೇ ಕೀಲು ಇರುವುದು. ಪಟ್ಟೆ ಚಿತ್ರದ ಕೆಳಗಿದ್ದಿದ್ದರೆ ಮೇಲಿನ ಕಾಲುವೆಯನ್ನು ಹುಡುಕಬೇಕಿತ್ತು. ಕೀಲಿನ ಬದಿಯ 1.5 ಮಿಲಿಮೀಟರ್ ಪಟ್ಟಿ ತೆಗೆದು 2 ಮಿಲಿಮೀಟರಿನದು ಹಾಕಿದೆ. ಕತ್ತಲೆ ಕೋಣೆಯಲ್ಲಿ ಕ್ಯಾಮೆರಾದೊಳಗೆ ಸಣ್ಣ ಎಲ್‌ಇಡಿ ಇಟ್ಟು ಬಾಗಿಲು ಮುಚ್ಚಿ, ಕೀಲಿನ ಸುತ್ತ ನೋಡಿದೆ. ಬೆಳಕು ಎಲ್ಲೂ ಹೊರಗೆ ಬರುತ್ತಿಲ್ಲ.

ವ್ಯೂಫೈಂಡರಿನಲ್ಲಿ ಎರಡು ಧೂಳಿನ ಚುಕ್ಕೆ ಹಾಗೇ ಇವೆ. ಫಿಲ್ಮಿನ ಮೇಲೆ ಬರುವುದಿಲ್ಲ, ಅದಕ್ಕಾಗಿ ಮೇಲಿನ ತಟ್ಟೆ ಬಿಚ್ಚುವುದಿಲ್ಲ. ಮುಂದಿನ ರೋಲ್ ಕಲರ್ ನೆಗೆಟಿವ್. ಅದು ಜಾಸ್ತಿ ಬೆಳಕನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, 1/1000 ಸೇರಿ ಎಲ್ಲ ವೇಗವನ್ನೂ ಬಳಸಬಹುದು. ಜಾಸ್ತಿ ಬೆಳಕು ತಡೆದುಕೊಳ್ಳದ ಸ್ಲೈಡ್ ಫಿಲ್ಮ್ ಹಾಕುವ ದಿನ ಮಾತ್ರ 1/500ಕ್ಕೆ ನಿಲ್ಲಿಸಬೇಕು. ಅಳೆದ ವೇಗಗಳನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಮೆರಾದ ಚೀಲದ ಒಳಗೆ ಅಂಟಿಸಿದ್ದೇನೆ.